ಚುನಾವಣೆ ನಡೆಸುವ ಆಯೋಗ, ಕಡತಕ್ಕೆ ಕಾಯುವ ಆಯೋಗ

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ಗೆದ್ದವರ ಐದು ವರ್ಷದ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು; ಅಲ್ಲಿಂದ 2025 ಕಳೆಯುವವರೆಗೂ ಹೊಸ ಸದಸ್ಯರು ಬರಲಿಲ್ಲ, ಅಧ್ಯಕ್ಷರು ಕೂರಬೇಕಾದ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಕುಳಿತರು. ಬೆಂಗಳೂರಿನದು ಇನ್ನೂ ಹಳೆಯ ಬಾಕಿ. 2015ರ ಆಗಸ್ಟ್ 22ರ ಮತದಾನದಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಕೊನೆಗೊಂಡಿತು. 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿದಾಗಲೂ ಅವುಗಳಲ್ಲಿ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ.

ಈ ವಿಷಯ ಪ್ರಸ್ತಾಪವಾದಾಗಲೆಲ್ಲ ಚುನಾವಣಾ ಆಯೋಗ ಏನು ಮಾಡುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸರಿಯಾದದ್ದೇ, ಆದರೆ ಅನೇಕರು ಅದನ್ನು ತಪ್ಪು ವಿಳಾಸಕ್ಕೆ ಕಳುಹಿಸುತ್ತಾರೆ. ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆ ನಡೆಸುವುದು ದೆಹಲಿಯ ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಹೊಣೆ. ಎರಡೂ ಸಂವಿಧಾನದಿಂದಲೇ ಹುಟ್ಟಿದ ಸಂಸ್ಥೆಗಳು, ಒಂದು ಇನ್ನೊಂದರ ಶಾಖೆಯಲ್ಲ, ಒಂದು ಇನ್ನೊಂದಕ್ಕೆ ಅಧೀನವೂ ಅಲ್ಲ. ಹೆಸರುಗಳು ಹತ್ತಿರವಿರುವುದರಿಂದ ಆಗುವ ಗೊಂದಲ ಇದು, ಮತ್ತು ಈ ಗೊಂದಲದಿಂದ ಲಾಭವಾಗುವುದು ಚುನಾವಣೆ ಮುಂದೆ ಹೋಗಲಿ ಎಂದು ಬಯಸುವವರಿಗೆ.

1992ರಲ್ಲಿ ಅಂಗೀಕಾರವಾಗಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ರಾಜ್ಯ ಚುನಾವಣಾ ಆಯೋಗಗಳ ಜನ್ಮಪತ್ರ. 243-ಕೆ ವಿಧಿಯ ಪ್ರಕಾರ ಪಂಚಾಯಿತಿ ಚುನಾವಣೆಗಳ ಮತದಾರರ ಪಟ್ಟಿ ತಯಾರಿಕೆ ಮತ್ತು ಚುನಾವಣೆ ನಡೆಸುವಿಕೆಯ ಮೇಲ್ವಿಚಾರಣೆ, ನಿರ್ದೇಶನ ಹಾಗೂ ನಿಯಂತ್ರಣ ಈ ಆಯೋಗದ್ದು. 243-ಜೆಡ್‌ಎ ವಿಧಿ ಇದೇ ಅಧಿಕಾರವನ್ನು ನಗರ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸುತ್ತದೆ. ಆಯುಕ್ತರನ್ನು ರಾಜ್ಯಪಾಲರು ನೇಮಿಸುತ್ತಾರೆ. ಒಮ್ಮೆ ನೇಮಕವಾದ ಮೇಲೆ ಹೈಕೋರ್ಟ್ ನ್ಯಾಯಮೂರ್ತಿಯನ್ನು ಪದಚ್ಯುತಗೊಳಿಸುವ ರೀತಿಯಲ್ಲಲ್ಲದೆ ಅವರನ್ನು ತೆಗೆಯುವಂತಿಲ್ಲ, ಸೇವಾ ಷರತ್ತುಗಳನ್ನು ಅವರಿಗೆ ಪ್ರತಿಕೂಲವಾಗುವಂತೆ ಬದಲಿಸುವಂತೆಯೂ ಇಲ್ಲ. ಆಯೋಗ ಕೇಳಿದಷ್ಟು ಸಿಬ್ಬಂದಿಯನ್ನು ರಾಜ್ಯಪಾಲರು ಒದಗಿಸಬೇಕು ಎಂಬುದೂ ಅದೇ ವಿಧಿಯಲ್ಲಿದೆ. ಕೇಂದ್ರದ ಆಯೋಗಕ್ಕೆ 324ನೇ ವಿಧಿ ಕೊಟ್ಟ ಮಾತುಗಳನ್ನೇ ಬಹುಪಾಲು ಇಲ್ಲಿಯೂ ಬಳಸಲಾಗಿದೆ. ಕಾಗದದ ಮೇಲೆ ನೋಡಿದರೆ ಇವೆರಡು ಅಣ್ಣತಮ್ಮಂದಿರು.

ತಮ್ಮನ ಪಾಲಿಗೆ ಬಂದ ಇನ್ನೊಂದು ವಾಕ್ಯವನ್ನೂ ಓದಬೇಕು. ಸಂವಿಧಾನಕ್ಕೆ ಒಳಪಟ್ಟು, ಈ ಚುನಾವಣೆಗಳಿಗೆ ಸಂಬಂಧಿಸಿದ ಎಲ್ಲ ವಿಷಯಗಳ ಬಗ್ಗೆ ರಾಜ್ಯ ವಿಧಾನಮಂಡಲ ಕಾನೂನು ಮಾಡಬಹುದು ಎಂದು 243-ಕೆ ವಿಧಿಯ ನಾಲ್ಕನೇ ಖಂಡ ಹೇಳುತ್ತದೆ. ಎಷ್ಟು ವಾರ್ಡ್‌ಗಳಿರಬೇಕು, ಗಡಿ ಎಲ್ಲಿ ಹಾಯಬೇಕು, ಯಾವ ವಾರ್ಡ್ ಯಾವ ವರ್ಗಕ್ಕೆ ಮೀಸಲಾಗಬೇಕು ಎಂಬ ಪ್ರಶ್ನೆಗಳೆಲ್ಲ ಈ ಬಾಗಿಲಿನಿಂದ ರಾಜ್ಯ ಸರ್ಕಾರದ ಕೈ ಸೇರುತ್ತವೆ. ಲೋಕಸಭೆ ಮತ್ತು ವಿಧಾನಸಭೆ ಕ್ಷೇತ್ರಗಳ ವಿಂಗಡಣೆಗೆ ಪ್ರತ್ಯೇಕ ಆಯೋಗ ಕೂರುತ್ತದೆ. ಅದರ ಆದೇಶ ಹೊರಬಿದ್ದರೆ ದಶಕಗಳವರೆಗೆ ಅದೇ ನಕ್ಷೆ. ಸ್ಥಳೀಯ ಸಂಸ್ಥೆಗಳಲ್ಲಿ ಮಾತ್ರ ಪ್ರತಿ ಚುನಾವಣೆಗೂ ಮೊದಲು ನಕ್ಷೆಯನ್ನು ಹೊಸದಾಗಿ ಬರೆಯಬಹುದು, ಮೀಸಲು ಪಟ್ಟಿಯನ್ನಂತೂ ಹೊಸದಾಗಿ ಬರೆಯಲೇಬೇಕು. ಈ ಎರಡು ಕಡತಗಳು ಮೇಜಿಗೆ ಬರುವವರೆಗೆ ಆಯೋಗ ದಿನಾಂಕ ಘೋಷಿಸಲಾರದು. ಸ್ಥಳೀಯ ಚುನಾವಣೆಗಳ ವಿಳಂಬದ ಇತಿಹಾಸವೆಲ್ಲ, ನನ್ನ ಓದಿನಲ್ಲಿ, ಈ ಕಾಯುವಿಕೆಯ ಒಳಗೇ ಇದೆ.

ಬೆಂಗಳೂರಿನ ಉದಾಹರಣೆಯನ್ನೇ ಹಿಡಿದು ನೋಡೋಣ. 2015ರಲ್ಲಿ ನಗರದಲ್ಲಿದ್ದದ್ದು 198 ವಾರ್ಡ್. ಅವಧಿ ಮುಗಿದ ಹೊತ್ತಿಗೆ ಸರ್ಕಾರ ಕಾನೂನು ಬದಲಿಸಿ ಸಂಖ್ಯೆಯನ್ನು 243ಕ್ಕೆ ಏರಿಸಿತು. ಹಳೆಯ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. 243ರ ಲೆಕ್ಕದ ಮೀಸಲು ಪಟ್ಟಿ 2022ರಲ್ಲಿ ಹೊರಬಂದು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಸರ್ಕಾರ ಬದಲಾಗಿ 2023ರಲ್ಲಿ ಸಂಖ್ಯೆ 225 ಆಯಿತು. ಅದಕ್ಕೂ ಮತದಾನ ನಡೆಯುವ ಮೊದಲೇ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಐದು ಪಾಲಿಕೆಗಳ ಲೆಕ್ಕದಲ್ಲಿ ವಾರ್ಡ್‌ಗಳನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಪ್ರತಿ ಸಲವೂ ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ, ಮೀಸಲಾತಿ, ಮತದಾರರ ಪಟ್ಟಿ ಎಂಬ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತಬೇಕು. ಇವುಗಳಲ್ಲಿ ಕೊನೆಯದೊಂದೇ ಆಯೋಗದ ಸ್ವಂತ ಮೆಟ್ಟಿಲು. ಆಡಳಿತದಲ್ಲಿದ್ದ ಪಕ್ಷಗಳು ಬೇರೆಬೇರೆ, ನಡೆದ ರೀತಿ ಒಂದೇ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ವಿಷಯದಲ್ಲಿ ನಡೆದದ್ದು ಇನ್ನೂ ನೇರ. ಅಲ್ಲಿ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕೆಲಸ ರಾಜ್ಯ ಚುನಾವಣಾ ಆಯೋಗದ ಬಳಿಯೇ ಇತ್ತು. ಆಯೋಗ ಕ್ಷೇತ್ರಗಳನ್ನು ಗೊತ್ತುಮಾಡಿ, 2021ರ ಜುಲೈ ಮೊದಲ ವಾರದ ಹೊತ್ತಿಗೆ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಆ ಹಂತದಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದಿಂದ ಹಿಂದಕ್ಕೆ ಪಡೆಯಲಾಯಿತು, ಹೊಸದಾಗಿ ಸೀಮಾ ನಿರ್ಣಯ ಆಯೋಗವೊಂದನ್ನು ರಚಿಸಲಾಯಿತು, ಅಲ್ಲಿಯವರೆಗಿನ ಕೆಲಸ ವ್ಯರ್ಥವಾಯಿತು. ರಾಜ್ಯ ಚುನಾವಣಾ ಆಯೋಗ ಹೈಕೋರ್ಟ್ ಮೆಟ್ಟಿಲೇರಿತು. ಗಡುವುಗಳು ಬಂದವು, ಹೋದವು. ವಿಳಂಬಕ್ಕಾಗಿ ಸರ್ಕಾರಕ್ಕೆ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಒಂದು ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಆ ಮೊತ್ತ ಎಷ್ಟು ಭಾರವೆಂಬುದನ್ನು ಓದುಗರೇ ಅಂದಾಜು ಮಾಡಬಹುದು.

ಮೀಸಲಾತಿಯ ಕಡತ ತಡವಾಗುವುದಕ್ಕೆ ಇನ್ನೊಂದು ನಿಜವಾದ ಕಾರಣವೂ ಇದೆ. ಅದನ್ನು ಬರೀ ನೆಪ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಹಿಂದುಳಿದ ವರ್ಗಗಳಿಗೆ ರಾಜಕೀಯ ಮೀಸಲಾತಿ ಕೊಡುವ ಮುನ್ನ ಅದಕ್ಕೆಂದೇ ಆಯೋಗ ರಚಿಸಿ ಹಿಂದುಳಿದಿರುವಿಕೆಯ ಅಧ್ಯಯನ ನಡೆಸಬೇಕು, ಪ್ರತಿ ಸಂಸ್ಥೆಯಲ್ಲೂ ಎಷ್ಟು ಪ್ರಮಾಣ ಬೇಕೆಂದು ಗೊತ್ತುಪಡಿಸಬೇಕು, ಎಲ್ಲ ಮೀಸಲಾತಿಯೂ ಸೇರಿ ಶೇ 50 ಮೀರಬಾರದು ಎಂಬ ಮೂರು ಷರತ್ತುಗಳನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಇವುಗಳ ಬೇರು 2010ರ ಸಂವಿಧಾನ ಪೀಠದ ತೀರ್ಪಿನಲ್ಲೇ ಇತ್ತು. ಕರ್ನಾಟಕ ಇದಕ್ಕೆಂದು ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ನೇತೃತ್ವದಲ್ಲಿ ಆಯೋಗ ರಚಿಸಿದ್ದು 2022ರಲ್ಲಿ. ಆ ಆಯೋಗ ಹಿಂದುಳಿದ ವರ್ಗಗಳಿಗೆ ಮೂರನೇ ಒಂದರಷ್ಟು ಸ್ಥಾನಗಳನ್ನು ಶಿಫಾರಸು ಮಾಡಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ಅಂದರೆ ಮನಸ್ಸು ಮಾಡಿದರೆ ಮುಗಿಯುವ ಕೆಲಸ ಅದು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ಷೇತ್ರ ವಿಂಗಡಣೆ ಬಾಕಿ ಇದೆ ಅಥವಾ ಮೂರು ಷರತ್ತುಗಳ ಕೆಲಸ ಮುಗಿದಿಲ್ಲ ಎಂಬ ಕಾರಣಕ್ಕೆ ಅವಧಿ ಮುಗಿದ ಸಂಸ್ಥೆಯ ಚುನಾವಣೆಯನ್ನು ಮುಂದೂಡುವಂತಿಲ್ಲ ಎಂದಿತು.

ಹಾಗಾದರೆ ಆಯೋಗದ ಕೈಯಲ್ಲಿ ಖಚಿತವಾಗಿ ಇರುವುದೇನು? ಅಧಿಸೂಚನೆ ಹೊರಟ ಕ್ಷಣದಿಂದ ಫಲಿತಾಂಶ ಘೋಷಣೆಯವರೆಗೆ ಅದರ ಅಧಿಕಾರ ಅಗಾಧ. ವೇಳಾಪಟ್ಟಿ ಅದರದ್ದು, ಮಾದರಿ ನೀತಿ ಸಂಹಿತೆ ಅದರದ್ದು, ಮರುಮತದಾನದ ತೀರ್ಮಾನ ಅದರದ್ದು. ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿಗಳು. ಆ ಅವಧಿಯ ಚುನಾವಣಾ ಕೆಲಸದಲ್ಲಿ ಅವರು ಕೇಳಬೇಕಾದದ್ದು ಆಯೋಗದ ಮಾತನ್ನು. ನಾಮಪತ್ರ ತಿರಸ್ಕಾರವಾಯಿತೆಂದು ನಡುವೆ ನ್ಯಾಯಾಲಯಕ್ಕೆ ಹೋಗಿ ಪ್ರಕ್ರಿಯೆ ನಿಲ್ಲಿಸುವಂತಿಲ್ಲ, ಫಲಿತಾಂಶ ಬಂದ ಮೇಲೆ ಚುನಾವಣಾ ತಕರಾರು ಅರ್ಜಿಯ ಮೂಲಕವೇ ಪ್ರಶ್ನಿಸಬೇಕು ಎಂಬ ರಕ್ಷಣೆಯನ್ನು 243-ಒ ಮತ್ತು 243-ಜೆಡ್‌ಜಿ ವಿಧಿಗಳು ಕೊಟ್ಟಿವೆ.

ಹೊರಗಿನವರ ಕಣ್ಣಿಗೆ ಬೀಳದ, ಆದರೆ ಆಯೋಗದ ಕೆಲಸದಲ್ಲಿ ಅತ್ಯಂತ ಜಿಗುಟಾದ ಭಾಗವೆಂದರೆ ಮತದಾರರ ಪಟ್ಟಿ. ವಿಧಾನಸಭೆಯ ಪಟ್ಟಿ ಮತಗಟ್ಟೆಗಳ ಲೆಕ್ಕದಲ್ಲಿ ಭಾಗಗಳಾಗಿರುತ್ತದೆ, ಗ್ರಾಮ ಪಂಚಾಯಿತಿಗೆ ಬೇಕಾದದ್ದು ವಾರ್ಡ್‌ಗಳ ಲೆಕ್ಕ. ಆದ್ದರಿಂದ ಒಂದು ಭಾಗದ ಹೆಸರುಗಳನ್ನು ಬಿಡಿಸಿ, ಯಾವ ಮನೆ ಯಾವ ವಾರ್ಡ್‌ಗೆ ಸೇರುತ್ತದೆ ಎಂದು ಬೀದಿ ಹಿಡಿದು ನೋಡಿ ಮರಳಿ ಜೋಡಿಸಬೇಕು. ಪಟ್ಟಿಯಲ್ಲಿ ಮನೆ ಸಂಖ್ಯೆ ಸರಿಯಿಲ್ಲದಿದ್ದರೆ, ಅಥವಾ ಪಾಲಾದ ಮನೆಗೆ ಎರಡು ಸಂಖ್ಯೆಗಳಿದ್ದರೆ, ಗಂಡನ ಹೆಸರು ಒಂದು ವಾರ್ಡ್‌ನಲ್ಲೂ ಹೆಂಡತಿಯ ಹೆಸರು ಪಕ್ಕದ ವಾರ್ಡ್‌ನಲ್ಲೂ ಬಂದು ಕೂರುತ್ತದೆ. ಲೋಕಸಭೆ ಚುನಾವಣೆಯಲ್ಲಿ ಇಂಥ ತಪ್ಪಿನಿಂದ ಫಲಿತಾಂಶ ಏರುಪೇರಾಗದು. ಕರ್ನಾಟಕದಲ್ಲಿ 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರಿರುತ್ತಾರೆ. ಅಲ್ಲಿ ಗೆಲುವಿನ ಅಂತರ ಹತ್ತು, ಐದು, ಕೆಲವೊಮ್ಮೆ ಒಂದೇ ಮತ. ಒಂದು ಕೂಡುಕುಟುಂಬ ಬೀದಿಯ ಆಚೆಗೆ ಹೋದರೆ ಸದಸ್ಯನೇ ಬದಲಾಗುತ್ತಾನೆ. ಕರಡು ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿದಾಗ ಹೋಗಿ ನೋಡುವವರು ಸಂಭಾವ್ಯ ಅಭ್ಯರ್ಥಿಗಳು ಮಾತ್ರ, ಅವರು ಹುಡುಕುವುದು ತಮಗೆ ಮತ ಹಾಕದವರ ಹೆಸರುಗಳನ್ನು.

ಇಲ್ಲಿಯೂ ಆಯೋಗಕ್ಕೆ ಮಿತಿಯೊಂದಿದೆ. ಪಟ್ಟಿ ತಯಾರಿಸುವ ಅಧಿಕಾರ ಸಂವಿಧಾನದಲ್ಲಿದ್ದರೂ ರೂಢಿಯಲ್ಲಿ ಅದು ಕೇಂದ್ರದ ಆಯೋಗದ ವಿಧಾನಸಭಾ ಪಟ್ಟಿಯನ್ನೇ ಎರವಲು ಪಡೆಯುತ್ತದೆ; ಅಲ್ಲಿ ಹೆಸರಿಲ್ಲದವರು ಮೊದಲು ಅಲ್ಲಿಗೆ ಅರ್ಜಿ ಹಾಕಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ, ಸ್ಥಳೀಯ ಚುನಾವಣೆಗಳಿಗೆ ರಾಜ್ಯ ಆಯೋಗವೇ ಪಟ್ಟಿ ಸಿದ್ಧಪಡಿಸುವಂತೆಯೂ ಮತಯಂತ್ರದ ಬದಲು ಮತಪತ್ರ ಬಳಸುವಂತೆಯೂ ಶಿಫಾರಸು ಮಾಡಿತು. ಮತಪತ್ರವೋ ಯಂತ್ರವೋ ಎಂಬ ವಾಗ್ವಾದದಲ್ಲಿ ಒಂದು ಸಣ್ಣ ಪದ ಮರೆಯಾಯಿತು: ಅದು ಶಿಫಾರಸು. ತೀರ್ಮಾನ ಆಯೋಗದ್ದು, ಸರ್ಕಾರದ ಪಾತ್ರ ಅಗತ್ಯವಾದ ಕಾನೂನನ್ನು ಹೊಂದಿಸಿಕೊಡುವುದು. ಗ್ರಾಮ ಪಂಚಾಯಿತಿಗಳಲ್ಲಂತೂ ಮತಪತ್ರವೇ ವಾಡಿಕೆ. ಅಲ್ಲಿ ಒಂದು ವಾರ್ಡ್‌ನಿಂದ ಇಬ್ಬರು ಮೂವರು ಆಯ್ಕೆಯಾಗಬೇಕಿರುವುದರಿಂದ ಮತದಾರ ಅಷ್ಟು ಮುದ್ರೆಗಳನ್ನು ಒತ್ತಬಹುದು. ಎಣಿಕೆಯ ಮೇಜಿನ ಮೇಲೆ ಒಂದು ಚೀಟಿ ಮೂರು ಮತವಾಗಿ ಎಣಿಕೆಯಾಗಬಹುದು, ನಾಲ್ಕನೆಯ ಮುದ್ರೆ ಬಿದ್ದಿದ್ದರೆ ತಿರಸ್ಕೃತವಾಗಬಹುದು.

ಪಕ್ಷದ ಚಿಹ್ನೆಯಿಲ್ಲದ ಈ ಚುನಾವಣೆಯಲ್ಲಿ ಆಯೋಗದ ಅಧಿಕಾರ ಊರಿನ ರೂಢಿಯ ಮುಂದೆ ನಿಂತು ತಡವರಿಸುವ ಪ್ರಸಂಗವೂ ಇದೆ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಸದಸ್ಯ ಸ್ಥಾನಗಳನ್ನು ಹರಾಜು ಹಾಕುತ್ತಿರುವ ಸುದ್ದಿಗಳು ಹಲವು ಜಿಲ್ಲೆಗಳಿಂದ ಬಂದವು. ದೇವಸ್ಥಾನದ ಕಟ್ಟೆಯ ಮೇಲೆ ಹಿರಿಯರು ಕೂರುತ್ತಾರೆ, ಸವಾಲು ಕೂಗುತ್ತಾರೆ, ಹೆಚ್ಚು ಕೂಗಿದವನ ಹಣ ಗುಡಿಯ ಜೀರ್ಣೋದ್ಧಾರಕ್ಕೆ ಎಂದಾಗುತ್ತದೆ, ಉಳಿದವರು ನಾಮಪತ್ರ ಹಾಕುವುದಿಲ್ಲ ಅಥವಾ ಹಿಂಪಡೆಯುತ್ತಾರೆ. ಚುನಾವಣಾಧಿಕಾರಿಯ ಮುಂದೆ ಬರುವುದು ಒಂದೇ ನಾಮಪತ್ರ. ನಿಯಮದಂತೆ ಅವಿರೋಧ ಆಯ್ಕೆ ಎಂದು ಘೋಷಿಸಬೇಕು. ಹರಾಜು ಹಾಕುವವರ ವಿರುದ್ಧ ಕ್ರಿಮಿನಲ್ ಮೊಕದ್ದಮೆ ಹೂಡುವಂತೆ ಆಯೋಗ ಜಿಲ್ಲಾಧಿಕಾರಿಗಳಿಗೆ ಸೂಚಿಸಿತು. ಆದರೆ ದೂರು ಕೊಡಬೇಕಾದವರು ಅದೇ ಊರಿನವರು, ಸಾಕ್ಷಿ ಹೇಳಬೇಕಾದವರೂ ಅವರೇ. ಕಾಗದಪತ್ರ ಎಲ್ಲ ಸರಿಯಿದ್ದು ಚುನಾವಣೆಯೇ ನಡೆಯದ ಈ ಸ್ಥಿತಿಗೆ ಯಾವ ವಿಧಿಯಲ್ಲೂ ನೇರ ಮದ್ದಿಲ್ಲ.

ಆ ಚುನಾವಣೆ ನಡೆದದ್ದೇ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ. ಕೋವಿಡ್ ಕಾರಣಕ್ಕೆ ಮುಂದೂಡಬೇಕೆಂಬ ಸರ್ಕಾರದ ಅಭಿಪ್ರಾಯಕ್ಕೂ ಅವಧಿಯೊಳಗೆ ನಡೆಸಬೇಕೆಂಬ ಸಂವಿಧಾನದ ಮಾತಿಗೂ ನಡುವೆ ಆಯೋಗ ಸಿಕ್ಕಿಕೊಂಡಿತ್ತು. ಇದೇ ಅವಧಿಯಲ್ಲಿ ಪಕ್ಕದ ಆಂಧ್ರಪ್ರದೇಶದಲ್ಲಿ ತದ್ವಿರುದ್ಧ ನಾಟಕ ನಡೆಯುತ್ತಿತ್ತು. ಅಲ್ಲಿನ ಆಯುಕ್ತ ಎನ್. ರಮೇಶ್ ಕುಮಾರ್ 2020ರ ಮಾರ್ಚ್‌ನಲ್ಲಿ ಸೋಂಕಿನ ಕಾರಣ ನೀಡಿ ಸ್ಥಳೀಯ ಚುನಾವಣೆಯನ್ನು ತಡೆಹಿಡಿದರು. ಚುನಾವಣೆ ಬೇಕೆಂದಿದ್ದ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋದರೂ ಮುಂದೂಡಿಕೆಯಲ್ಲಿ ನ್ಯಾಯಾಲಯ ಕೈಹಾಕಲಿಲ್ಲ. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯೊಂದು ಹೊರಬಿತ್ತು: ಆಯುಕ್ತರ ಅಧಿಕಾರಾವಧಿ ಐದರಿಂದ ಮೂರು ವರ್ಷಕ್ಕೆ ಇಳಿಯಿತು, ಆ ಹುದ್ದೆಗೆ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಯೇ ಆಗಬೇಕೆಂದಾಯಿತು, ರಮೇಶ್ ಕುಮಾರ್ ಕುರ್ಚಿ ಬಿಟ್ಟರು. ಮೇ 29ರಂದು ಹೈಕೋರ್ಟ್ ಆ ಸುಗ್ರೀವಾಜ್ಞೆಯನ್ನು ರದ್ದುಪಡಿಸಿತು, ಕೆಲವು ತಿಂಗಳಲ್ಲಿ ಅವರು ಹುದ್ದೆಗೆ ಮರಳಿದರು. 2021ರ ಆರಂಭದಲ್ಲಿ ಆಯೋಗ ಚುನಾವಣೆ ಘೋಷಿಸಿದಾಗ ಈಗ ಬೇಡವೆಂದದ್ದು ಸರ್ಕಾರ. ಸುಪ್ರೀಂ ಕೋರ್ಟ್ ಆ ವಾದವನ್ನೂ ಒಪ್ಪಲಿಲ್ಲ, ಫೆಬ್ರುವರಿಯಲ್ಲಿ ಮತದಾನ ನಡೆಯಿತು. ಹೈಕೋರ್ಟ್ ನ್ಯಾಯಮೂರ್ತಿಗೆ ಸಮನಾದ ರಕ್ಷಣೆ ಎಂದು ಸಂವಿಧಾನ ಬರೆದದ್ದನ್ನು ಒಂದು ಸುಗ್ರೀವಾಜ್ಞೆ ಸುತ್ತಿ ಹೋಗಲು ನೋಡಬಹುದು, ಅದನ್ನು ಸರಿಪಡಿಸಲು ತಿಂಗಳುಗಳು ಬೇಕಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು. ಮಹಾರಾಷ್ಟ್ರದಲ್ಲಿ 2008ರಲ್ಲಿ ಆಯುಕ್ತರಾಗಿದ್ದ ನಂದಲಾಲ್ ಅವರನ್ನು ಅಲ್ಲಿನ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಎರಡು ದಿನ ಜೈಲಿಗೆ ಕಳುಹಿಸಿದ್ದೂ ಉಂಟು.

ನೇಮಕದ ಪ್ರಶ್ನೆ ಮುಖ್ಯವಾಗುವುದು ಇಲ್ಲಿ. ರಾಜ್ಯಪಾಲರು ನೇಮಿಸುತ್ತಾರೆ ಎಂದರೆ ಸಚಿವ ಸಂಪುಟದ ಸಲಹೆಯಂತೆ ನೇಮಿಸುತ್ತಾರೆ ಎಂದರ್ಥ. ನಿವೃತ್ತಿಯ ಹೊಸ್ತಿಲಲ್ಲಿರುವ ಅಥವಾ ಆಗಷ್ಟೇ ನಿವೃತ್ತರಾದ ಹಿರಿಯ ಅಧಿಕಾರಿಗಳಿಗೆ ಈ ಹುದ್ದೆ ಹೋಗುವುದು ದೇಶದಾದ್ಯಂತ ವಾಡಿಕೆ. ನೇಮಿಸಿದವರನ್ನೇ ಮುಂದೊಂದು ದಿನ ನ್ಯಾಯಾಲಯಕ್ಕೆ ಎಳೆಯಬೇಕಾದ ಕೆಲಸವಿದು. ಗೋವಾದಲ್ಲಿ ಇದು ವಿಪರೀತಕ್ಕೆ ಹೋಗಿ, ಸೇವೆಯಲ್ಲಿದ್ದ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಹೆಚ್ಚುವರಿ ಹೊಣೆ ಕೊಡಲಾಗಿತ್ತು. 2021ರ ಮಾರ್ಚ್ 12ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನದ ಅಣಕವೆಂದು ಕರೆದು, ಕೇಂದ್ರ ಅಥವಾ ರಾಜ್ಯ ಸರ್ಕಾರದಲ್ಲಿ ಹುದ್ದೆ ಹೊಂದಿರುವ ಯಾರೂ ರಾಜ್ಯ ಚುನಾವಣಾ ಆಯುಕ್ತರಾಗುವಂತಿಲ್ಲ ಎಂದಿತು. ಮುಖ್ಯಮಂತ್ರಿ, ವಿಧಾನಸಭಾಧ್ಯಕ್ಷ ಮತ್ತು ವಿರೋಧ ಪಕ್ಷದ ನಾಯಕರಿರುವ ಸಮಿತಿಯ ಶಿಫಾರಸಿನ ಮೇರೆಗೆ ನೇಮಕವಾಗಲಿ, ಕ್ಷೇತ್ರ ವಿಂಗಡಣೆಯೂ ಆಯೋಗಕ್ಕೇ ಸೇರಲಿ ಎಂದು ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲೇ ಹೇಳಿತ್ತು.

ಹಾಗೆಂದು ಆಯೋಗವನ್ನು ಕೈಕಟ್ಟಿ ನಿಂತ ಬಡಪಾಯಿ ಎಂದು ಚಿತ್ರಿಸಿ ಸುಮ್ಮನಾಗುವುದೂ ಸರಿಯಲ್ಲ. 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಅಹಮದಾಬಾದ್ ಪಾಲಿಕೆಯ ಚುನಾವಣೆ ತಡವಾದ ಸಂದರ್ಭದಲ್ಲಿ, ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಐದು ವರ್ಷದ ಗಡಿ ಕಡ್ಡಾಯ, ಅದನ್ನು ಪಾಲಿಸುವುದು ಆಯೋಗದ ಕರ್ತವ್ಯ. ಸರ್ಕಾರ ಸಹಕರಿಸದಿದ್ದರೆ ಆಯೋಗ ಹೈಕೋರ್ಟ್‌ಗೆ, ಅಗತ್ಯಬಿದ್ದರೆ ಸುಪ್ರೀಂ ಕೋರ್ಟ್‌ಗೆ ಹೋಗಿ ಆದೇಶ ತರಬೇಕು. ತೀರ್ಪಿನ ಪ್ರಕಾರ ಕಾಯುವುದಕ್ಕೂ ಒಂದು ಮಿತಿಯಿದೆ. ಅವಧಿ ಮುಗಿದ ಮೇಲೆ ನ್ಯಾಯಾಲಯಕ್ಕೆ ಹೋದರೆ ಗೆದ್ದರೂ ಒಂದೆರಡು ವರ್ಷ ಹೋಗಿರುತ್ತದೆ; ಅವಧಿ ಮುಗಿಯಲು ವರ್ಷವಿರುವಾಗಲೇ ಸರ್ಕಾರಕ್ಕೆ ಲಿಖಿತ ಗಡುವು ಕೊಟ್ಟು, ಆ ದಿನ ದಾಟಿದ ಮರುದಿನವೇ ಅರ್ಜಿ ಹಾಕುವ ರೂಢಿಯನ್ನು ಆಯೋಗಗಳು ಬೆಳೆಸಿಕೊಂಡಿಲ್ಲ ಎಂಬ ದೂರು ನನ್ನದು.

ಕೇರಳದಲ್ಲಿ ಇಂಥ ಅರ್ಜಿಗಳ ಅಗತ್ಯ ಕಡಿಮೆ. ಅಲ್ಲಿ ವಾರ್ಡ್ ವಿಂಗಡಣೆ ಮಾಡುವ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು, ಸರ್ಕಾರದ ಕಾರ್ಯದರ್ಶಿಗಳು ಸದಸ್ಯರು. ಕೋವಿಡ್ ನಡುವೆಯೇ 2020ರ ಡಿಸೆಂಬರ್‌ನಲ್ಲಿ ಅಲ್ಲಿ ಮತದಾನ ನಡೆಯಿತು, ಮತ್ತೆ ಐದು ವರ್ಷಕ್ಕೆ ಸರಿಯಾಗಿ 2025ರ ಡಿಸೆಂಬರ್‌ನಲ್ಲಿ ನಡೆಯಿತು. ತಮಿಳುನಾಡಿನ ಗ್ರಾಮೀಣ ಸಂಸ್ಥೆಗಳ ಅವಧಿ 2016ರಲ್ಲಿ ಮುಗಿದು ಚುನಾವಣೆ 2019ರ ಡಿಸೆಂಬರ್‌ವರೆಗೆ ಎಳೆದದ್ದನ್ನೂ, 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮುಂಬೈ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿ ವರ್ಷಗಟ್ಟಲೆ ಉಳಿದದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ, ವ್ಯತ್ಯಾಸ ಜನರ ರಾಜಕೀಯ ಪ್ರಜ್ಞೆಯಲ್ಲಿ ಎಷ್ಟಿದೆಯೋ ಕಡತ ಯಾರ ಮೇಜಿನ ಮೇಲಿದೆ ಎಂಬುದರಲ್ಲೂ ಅಷ್ಟೇ ಇದೆ ಎನಿಸುತ್ತದೆ.

ಚುನಾವಣೆ ಮುಗಿದರೂ ಕಡತ ಮುಗಿಯುವುದಿಲ್ಲ ಎಂಬುದು ಕರ್ನಾಟಕದ್ದೇ ಅನುಭವ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಆಯೋಗ ಮತದಾನ ನಡೆಸಿ ಫಲಿತಾಂಶ ಘೋಷಿಸಿತು. ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯನ್ನು ನಿಗದಿ ಮಾಡುವುದು ಸರ್ಕಾರ. ಆ ಪಟ್ಟಿ ವ್ಯಾಜ್ಯಕ್ಕೆ ಸಿಕ್ಕಿತು. ಐದು ವರ್ಷದ ಲೆಕ್ಕ ಶುರುವಾಗುವುದು ಮೊದಲ ಸಭೆಯ ದಿನದಿಂದ, ಮೊದಲ ಸಭೆ ಕರೆಯಲು ಅಧ್ಯಕ್ಷ ಸ್ಥಾನದ ಮೀಸಲಾತಿ ಗೊತ್ತಾಗಬೇಕು. ಗೆದ್ದ ಪ್ರಮಾಣಪತ್ರ ಹಿಡಿದ ಸದಸ್ಯರು ಎರಡು ವರ್ಷಕ್ಕೂ ಹೆಚ್ಚು ಕಾಲ ಸಭೆಯ ನೋಟಿಸಿಗಾಗಿ ಕಾದರು. ವಾರ್ಡ್‌ನ ಚರಂಡಿಯ ದೂರು ಹಿಡಿದು ಅವರ ಮನೆಗೆ ಬಂದವರನ್ನು ಅವರು ಅದೇ ಹಳೆಯ ಆಡಳಿತಾಧಿಕಾರಿಯ ಕಚೇರಿಗೆ ಕಳುಹಿಸುತ್ತಿದ್ದರು.